ಮೂಡಣ ತುದಿಯ ಮೆಟ್ಟಿಲು

ಮೂವತ್ತೆರಡು ತುಂಬುವ ಹೊತ್ತಿಗೆ ಅವಳ ಕೈಯಿಂದ ಐದು ಕಟ್ಟಡಗಳು ಎದ್ದು ನಿಂತಿದ್ದವು. ಒಂದರ ಹಾಗೆ ಇನ್ನೊಂದು ಇರಲಿಲ್ಲ. ಒಂದು ದನಕರುಗಳ ಆಸ್ಪತ್ರೆ, ಒಂದು ಬಟ್ಟೆಗೆ ಬಣ್ಣ ಹಾಕುವವರ ಶೆಡ್ಡು, ಒಂದು ಬಸ್ ಚಾಲಕರ ವಿಶ್ರಾಂತಿ ಕೋಣೆ. ಎರಡು ಓಣಿಗಳ ನಡುವೆ ಸಿಕ್ಕಿಕೊಂಡ ಹತ್ತಡಿ ಅಗಲದ ಜಾಗದಲ್ಲಿ ಮೂರಂತಸ್ತಿನ ಮನೆಯೊಂದನ್ನು ನಿಲ್ಲಿಸಿದ್ದಳು. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಗೋಡೆಯ ಮೂಲೆಗಳನ್ನೆಲ್ಲ ಗುಂಡಗೆ ತಿರುಗಿಸಿದ್ದಳು. ಆ ಕಡೆಯಿಂದ ಬರುವವರ ಹೆಜ್ಜೆ ಸದ್ದು ಕೇಳದ ಮಕ್ಕಳು ಓಡಿಬಂದು ಡಿಕ್ಕಿ ಹೊಡೆದುಕೊಳ್ಳಬಾರದು ಎಂದು. ವಾಸ್ತುಶಿಲ್ಪದ ಕಸುಬಿನವರು ಅವಳ ಹೆಸರನ್ನು ಆಗಷ್ಟೇ ಕೇಳತೊಡಗಿದ್ದರು.

ಅವಳನ್ನು ಸಾಕಿದ್ದು ಚಿಕ್ಕಮ್ಮ ಮತ್ತು ಚಿಕ್ಕಪ್ಪ. ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು, ತಂದೆ ಇನ್ನೊಂದು ಸಂಸಾರ ಹೂಡಿ ಆಚೆ ಹೋದ. ಚಿಕ್ಕಮ್ಮ ನಗರಸಭೆಯಲ್ಲಿ ಬೀದಿ ಗುಡಿಸುವವಳು. ಚಿಕ್ಕಪ್ಪ ದರ್ಜಿ. ಅವನ ಹೊಲಿಗೆ ಮೆಷೀನಿನ ಕೆಳಗೆ ಕೂತು, ಅಳತೆ ಬರೆದು ಬಿಸಾಡಿದ ಕಂದು ಕಾಗದದ ಹಿಂಬದಿಯಲ್ಲಿ ಅವಳು ಮನೆಗಳನ್ನು ಬರೆಯುತ್ತಿದ್ದಳು. ಚಿಕ್ಕಪ್ಪನ ಟೇಪು ಕುತ್ತಿಗೆಗೆ ಹಾಕಿಕೊಂಡು ಕಂಡದ್ದನ್ನೆಲ್ಲ ಅಳೆಯುತ್ತಿದ್ದರಿಂದ ಅವನು ಅವಳನ್ನು ಕರೆಯುತ್ತಿದ್ದುದೇ 'ಟೇಪು' ಎಂದು. ಮೂರು ಜನಕ್ಕೆ ಒಂದೇ ಕೋಣೆ. "ನಮ್ಮ ಮನೇಲಿ ಯಾರಾದ್ರೂ ಆಕಳಿಸಿದ್ರೆ ಇನ್ನಿಬ್ರು ಎದ್ದು ಹೊರಗೆ ಹೋಗ್ಬೇಕು" ಎಂದು ಚಿಕ್ಕಪ್ಪ ಗಿರಾಕಿಗಳ ಮುಂದೆ ನಗುತ್ತಿದ್ದ.

ಹಾಗಾಗಿ, ಬೀದಿ ಗುಡಿಸುವವರಿಗಾಗಿ ನಗರಸಭೆ ಕಟ್ಟಿಸುವ ಅರವತ್ತನಾಲ್ಕು ಮನೆಗಳ ಕೆಲಸ ತನಗೇ ಸಿಕ್ಕಿತೆಂದು ತಿಳಿದ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ. ಎರಡು ವಾರ ಬೆಳಬೆಳಗ್ಗೆ ಚಿಕ್ಕಮ್ಮನ ಜೊತೆ ಬೀದಿಗಿಳಿದಳು. ಪೊರಕೆ ಎಲ್ಲಿಡುತ್ತೀರಿ, ಕೆಲಸ ಮುಗಿಸಿ ಬಂದು ಮೊದಲು ಏನು ಮಾಡುತ್ತೀರಿ, ಒದ್ದೆ ಬಟ್ಟೆ ಎಲ್ಲಿ ಹರವುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಆಮೇಲೆ ಕೂತು ಬರೆದಳು. ನೆಲಮಹಡಿ, ಅದರ ಮೇಲೆ ಮೂರು ಮಹಡಿ. ಒಂದೊಂದರಲ್ಲಿ ಸಾಲಾಗಿ ಹದಿನಾರು ಮನೆ, ಮುಂದೆ ಉದ್ದಕ್ಕೂ ತೆರೆದ ಪಡಸಾಲೆ. ಧೂಳು ಹೊತ್ತು ಬಂದವರು ಒಳಗೆ ಕಾಲಿಡುವ ಮೊದಲೇ ಮೈ ತೊಳೆಯಲು ಬಾಗಿಲ ಪಕ್ಕದಲ್ಲೇ ಬಚ್ಚಲು. ಪಡುವಣ ತುದಿಗೊಂದು, ಮೂಡಣ ತುದಿಗೊಂದು, ಎರಡು ಅಗಲವಾದ ಮೆಟ್ಟಿಲು. ರಟ್ಟಿನಲ್ಲಿ ಅದರ ಮಾದರಿಯನ್ನೂ ಮಾಡಿದಳು.

ನಗರಸಭೆಯ ದೊಡ್ಡ ಎಂಜಿನಿಯರು ಮಾದರಿಯನ್ನು ಸುತ್ತಿ ಸುತ್ತಿ ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ಚೆನ್ನಾಗಿದೆಯಮ್ಮ. ಈ ಮೂಡಣ ಮೆಟ್ಟಿಲು ಮಾತ್ರ ಬೇಡ."

"ಯಾಕೆ ಸರ್?"

"ಆ ಮೂಲೆ ದೊಡ್ಡ ರಸ್ತೆಗಿದೆ. ಕೆಳಗೆ ಅಂಗಡಿ ಮಾಡೋಣ. ಮೇಲಿನ ಮೂರು ಮಹಡೀಲಿ ನಮ್ಮ ಹಳೇ ಕಡತ ಇಡೋಕೆ ಕೋಣೆ. ಇಲ್ಲಿ ಜಾಗ ಸಾಲ್ತಿಲ್ಲ."

"ಆ ತುದಿ ಮನೆಯವರು ಇನ್ನೂರಿಪ್ಪತ್ತು ಅಡಿ ನಡೆದು ಬಂದು ಇಳೀಬೇಕಾಗುತ್ತೆ ಸರ್. ಬೆಂಕಿ ಗಿಂಕಿ ಬಿದ್ರೆ? ನಿಯಮಾನೂ ಒಪ್ಪಲ್ಲ."

"ನಿಯಮ ಒಪ್ಪಿಸೋದು ನನ್ನ ಕೆಲಸ. ದಿನಾ ಹತ್ತು ಮೈಲಿ ಗುಡಿಸೋರಿಗೆ ಇನ್ನೂರಡಿ ಒಂದು ಲೆಕ್ಕವಾ?" ಎಂದು ನಕ್ಕು, ಕನ್ನಡಕ ಏರಿಸಿಕೊಂಡು, ಬೇರೆ ಮಾತು ತೆಗೆದರು. "ಅಂದಹಾಗೆ, ಊರಿನ ಹೊಸ ಗ್ರಂಥಾಲಯಕ್ಕೆ ಯಾರನ್ನ ಕರೆಯೋದು ಅಂತ ಮಾತು ನಡೀತಿದೆ. ನಿಮ್ಮ ಹೆಸರು ಹೇಳಿದ್ದೀನಿ. ಹೊಂದಿಕೊಂಡು ಹೋಗೋ ಹುಡುಗಿ ಅಂತ."

ಅವಳು ಮನೆಗೆ ಬಂದು ಮೂರು ದಿನ ಆ ನಕ್ಷೆಯ ಮುಂದೆ ಕೂತಳು. ಗ್ರಂಥಾಲಯ ಅಂದರೆ ಸಣ್ಣ ಮಾತಲ್ಲ; ಈ ಕಸುಬಿನಲ್ಲಿ ಐವತ್ತು ದಾಟಿದವರಿಗೂ ಸಿಗದ ಕೆಲಸ. ತಾನು ಒಲ್ಲೆ ಎಂದರೆ ಇನ್ನೊಬ್ಬರು ಬಂದು ಮೆಟ್ಟಿಲ ಜೊತೆ ಬಚ್ಚಲನ್ನೂ ತೆಗೆದುಹಾಕುತ್ತಾರೆ, ತಾನಿದ್ದರೆ ಬಚ್ಚಲಾದರೂ ಉಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದನ್ನು ನಂಬಿದಳು ಕೂಡ. ನಾಲ್ಕನೆಯ ದಿನ ಮೂಡಣ ಮೆಟ್ಟಿಲಿಲ್ಲದ ನಕ್ಷೆಗೆ ಸಹಿ ಹಾಕಿ ಕೊಟ್ಟಳು.

ಕಟ್ಟಡ ಎದ್ದಿತು. ಮನೆ ಹಂಚಲು ಚೀಟಿ ಎತ್ತಿದಾಗ ಚಿಕ್ಕಮ್ಮನಿಗೆ ಬಂದದ್ದು ಮೂರನೆಯ ಮಹಡಿಯ ಹದಿನಾರನೆಯ ಮನೆ. ಮೂಡಣ ತುದಿಯ ಕೊನೆಯ ಬಾಗಿಲು.

ಮನೆ ನೋಡಲು ಹೋದ ದಿನ ಅವಳು ಮೆಟ್ಟಿಲ ಹತ್ತಿರವೇ ಹಿಂದುಳಿದಳು. ಚಿಕ್ಕಮ್ಮ ಮಾತ್ರ ಪಡಸಾಲೆಯ ಉದ್ದಕ್ಕೂ ಸಿಕ್ಕ ಸಿಕ್ಕ ಬಾಗಿಲ ಮುಂದೆ ನಿಂತು, "ಇದನ್ನ ಕಟ್ಟಿಸಿದ್ದು ನಮ್ಮ ಹುಡುಗಿ" ಎಂದು ಹೇಳಿಕೊಂಡೇ ಹೋದಳು. ಹದಿನಾರನೆಯ ಮನೆಯ ಪಕ್ಕದಲ್ಲಿ ಕಡತದ ಕೋಣೆಯ ಬೀಗ ಜಡಿದ ಕಬ್ಬಿಣದ ಬಾಗಿಲಿತ್ತು. ಚಿಕ್ಕಪ್ಪ ಅದಕ್ಕೆ ಕಿವಿಗೊಟ್ಟು ಕೇಳಿ, "ಪಕ್ಕದ್ಮನೆಯವರು ಬಲು ಸಭ್ಯಸ್ಥರು ಕಣೇ. ಸಾಲ ಕೇಳಲ್ಲ, ಸಕ್ಕರೆ ಕೇಳಲ್ಲ" ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ಬಾಗಿಲ ಹಿಂದೆ ಮೆಟ್ಟಿಲು ಇರಬೇಕಾಗಿತ್ತು ಎಂದು ಹೇಳಲು ಅವತ್ತೇ ಬಾಯಿ ತೆರೆದಿದ್ದರೆ ಆಗುತ್ತಿತ್ತು.

ಮೊದಲ ತಿಂಗಳಿಂದಲೇ ಗೊಣಗಾಟ ಶುರುವಾಯಿತು. ಬೆಳಗ್ಗೆ ಎಲ್ಲರೂ ಒಟ್ಟಿಗೆ ಕೆಲಸಕ್ಕೆ ಹೊರಡುವಾಗ ಆ ಒಂದೇ ಮೆಟ್ಟಿಲಲ್ಲಿ ಭುಜಕ್ಕೆ ಭುಜ ತಾಗುತ್ತಿತ್ತು. ಹದಿನಾಲ್ಕನೆಯ ಮನೆಯ ಅಜ್ಜಿ ಮಂಡಿನೋವಿನಿಂದ ಕೆಳಗಿಳಿಯುವುದನ್ನೇ ಬಿಟ್ಟಳು. "ಓದಿದೋರು ಕಟ್ಟಿಸಿದ್ದು ಇದೇನಾ?" ಎಂದು ಯಾರಾದರೂ ಅಂದರೆ ಚಿಕ್ಕಮ್ಮ ಬಿಡುತ್ತಿರಲಿಲ್ಲ. "ಜಾಗ ಇರ್ಲಿಲ್ಲ ಕಣ್ರೀ. ಇದ್ದಿದ್ರೆ ನಮ್ಮ ಹುಡುಗಿ ಹಾಕ್ದೆ ಇರ್ತಿದ್ಲಾ? ಬಚ್ಚಲು ನೋಡಿ, ಎಷ್ಟು ಯೋಚನೆ ಮಾಡಿ ಇಟ್ಟಿದ್ದಾಳೆ." ಈ ಮಾತು ಒಮ್ಮೆ ಅವಳ ಎದುರಿಗೇ ಬಂತು. ಅವಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, "ನಗರಸಭೆಯವರದ್ದು ಏನೇನೋ ಇರುತ್ತೆ" ಎಂದಳು.

ಮುಂದಿನ ವರ್ಷ ಒಂದು ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ಚಿಕ್ಕಪ್ಪ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದವನು ಎದೆ ಹಿಡಿದು ಕೂತ. ಆಂಬುಲೆನ್ಸು ಬೇಗನೇ ಬಂತು. ರಸ್ತೆ ಮೂಡಣ ಕಡೆಗೇ ಇದ್ದುದರಿಂದ ಗಾಡಿ ನೇರ ಅವನ ಕಿಟಕಿಯ ಕೆಳಗೇ ನಿಂತಿತು. ಅವತ್ತು ರಜೆಯಲ್ಲಿದ್ದ ಚಿಕ್ಕಮ್ಮ ಮೇಲಿಂದ ಅದರ ಬಿಳಿ ತಗಡನ್ನು ಕಂಡಳು. ಆದರೆ ಅದರಲ್ಲಿ ಬಂದ ಇಬ್ಬರು ಸ್ಟ್ರೆಚರ್ ಹೊತ್ತು ಕಟ್ಟಡವನ್ನು ಪೂರ್ತಿ ಬಳಸಿ ಪಡುವಣ ಮೆಟ್ಟಿಲು ಹತ್ತಬೇಕಾಯಿತು. ಮೂರು ಮಹಡಿ ಹತ್ತಿ, ಪಡಸಾಲೆಯಲ್ಲಿ ಸೈಕಲ್ಲು ಸರಿಸಿ, ಒದ್ದೆ ಬಟ್ಟೆಗಳ ಅಡಿಯಲ್ಲಿ ಬಗ್ಗಿ ಹದಿನಾರನೆಯ ಮನೆಗೆ ಬಂದರು. ಚಿಕ್ಕಪ್ಪನನ್ನು ಮಲಗಿಸಿಕೊಂಡು ಅದೇ ದಾರಿಯಲ್ಲಿ ವಾಪಸು ಹೊರಟರು. ಶಾಲೆಗೆ ಇಳಿಯುವ ಮಕ್ಕಳು, ನೀರಿನ ಕೊಡ ಹತ್ತಿಸುವವರು, ಎಲ್ಲರೂ ಇದ್ದದ್ದು ಆ ಒಂದೇ ಮೆಟ್ಟಿಲಲ್ಲಿ. ಎರಡು ಸಲ ಸ್ಟ್ರೆಚರನ್ನು ಗೋಡೆಗೊರಗಿಸಿ ಕಾಯಬೇಕಾಯಿತು.

ಆಸ್ಪತ್ರೆಯ ಬಾಗಿಲು ತಲುಪುವುದಕ್ಕೆ ಸ್ವಲ್ಪ ಮೊದಲು ಅವನ ಉಸಿರು ನಿಂತಿತು.

"ಒಂದು ಹತ್ತು ನಿಮಿಷ ಮುಂಚೆ ತಂದಿದ್ರೆ ಪ್ರಯತ್ನ ಮಾಡಬಹುದಿತ್ತು" ಎಂದರು ಡಾಕ್ಟರು. ಮತ್ತೆ ಚಿಕ್ಕಮ್ಮನ ಮುಖ ನೋಡಿ, "ಹಾಗಂತ ಖಂಡಿತ ಹೇಳೋಕಾಗಲ್ಲ" ಎಂದೂ ಸೇರಿಸಿದರು. ಚಿಕ್ಕಮ್ಮ ಎರಡನೆಯ ಮಾತನ್ನು ಹಿಡಿದುಕೊಂಡಳು. ಆಸ್ಪತ್ರೆಗೆ ಓಡಿಬಂದಿದ್ದ ಅವಳಿಗೆ ಉಳಿದದ್ದು ಮೊದಲನೆಯ ಮಾತು. ಗಾಡಿ ಕಿಟಕಿಯ ಕೆಳಗೆ ನಿಂತ ಹೊತ್ತಿನಿಂದ ಹೊರಟ ಹೊತ್ತಿನವರೆಗೆ ಎಷ್ಟು ನಿಮಿಷವಾಯಿತೆಂದು ಅವಳು ಯಾರನ್ನೂ ಕೇಳಲಿಲ್ಲ.

ದುಃಖದಲ್ಲಿ ಬಂದು ಕೂತ ನೆರೆಯವರಲ್ಲೊಬ್ಬಳು ಅವಳ ಕಡೆ ತಿರುಗಿ ಏನೋ ಅನ್ನಹೊರಟಾಗ ಚಿಕ್ಕಮ್ಮನೇ ತಡೆದಳು. "ಅವಳನ್ನ ಏನೂ ಅನ್ಬೇಡಿ. ಅವಳಿಗೂ ಅವರು ಅಪ್ಪನೇ."

ಅದಾಗಿ ಆರು ತಿಂಗಳಿಗೆ, ಬೆಳೆಯುತ್ತಿರುವ ವಾಸ್ತುಶಿಲ್ಪಿಗಳಿಗೆಂದು ಕೊಡುವ ಬಹುಮಾನಕ್ಕೆ ಅವಳನ್ನು ಆರಿಸಿದರು. ಒಂದೇ ಅಚ್ಚಿಗೆ ಜೋತುಬೀಳದೆ ಬಗೆಬಗೆಯ ಕಟ್ಟಡಗಳನ್ನು ಮಾಡಿದ್ದಾಳೆ ಎಂಬುದೇ ಅವಳ ಹೆಚ್ಚುಗಾರಿಕೆಯಂತೆ. ಅಷ್ಟೂ ಕಟ್ಟಡಗಳ ಚಿತ್ರ, ಮಾದರಿಗಳನ್ನು ಒಂದು ದೊಡ್ಡ ಸಭಾಂಗಣದಲ್ಲಿ ಜೋಡಿಸಬೇಕಾಗಿತ್ತು. ಗ್ರಂಥಾಲಯದ ಪಾಯವೂ ಆಗ ಬಿದ್ದಿತ್ತು. ಅದರ ಮಾದರಿಯನ್ನು ನಡುವೆ ಇಟ್ಟರು. ಬೀದಿ ಗುಡಿಸುವವರ ಮನೆಗಳಿಗೆ ಹೊಸ ಮಾದರಿ ಮಾಡಲು ಸಮಯವಿಲ್ಲ ಎಂದು ಅವಳು ಹಳೆಯ ರಟ್ಟಿನದನ್ನೇ ಕಳಿಸಿದಳು. ಸಮಯವಿರಲಿಲ್ಲ ಎಂಬುದು ನಿಜ. ಎರಡು ಮೆಟ್ಟಿಲಿನ ಆ ಕಟ್ಟಡವೇ ಹೆಚ್ಚು ಚೆಂದ ಕಾಣುತ್ತದೆ ಎಂಬುದೂ ನಿಜ.

ಚಿಕ್ಕಮ್ಮ ಒಗೆದು ಮಡಿಸಿಟ್ಟ ಸೀರೆಯುಟ್ಟು ಬಂದಳು. ಒಂದೊಂದೇ ಮೇಜಿನ ಮುಂದೆ ನಿಂತು, ಇದು ದನದ ಆಸ್ಪತ್ರೆ, ಇದು ಮಕ್ಕಳ ಶಾಲೆ ಎಂದು ಗುರುತು ಹಿಡಿಯುತ್ತ ಬಂದಳು. ರಟ್ಟಿನ ಮಾದರಿಯ ಮುಂದೆ ನಿಂತಾಗ ಅವಳಿಗೆ ನಕ್ಷೆ ಓದುವ ವಿದ್ಯೆ ಬೇಕಾಗಲಿಲ್ಲ. ಬಗ್ಗಿ, ಬೆರಳಿನಿಂದ ಬಾಗಿಲುಗಳನ್ನು ಎಣಿಸಿದಳು. ಹದಿನಾರನೆಯದರ ಮೇಲೆ ಬೆರಳು ನಿಂತಿತು.

"ಇದು ನಮ್ಮನೆ ಅಲ್ವಾ?"

"ಹೂಂ ಚಿಕ್ಕಮ್ಮ."

"ಪಕ್ಕದಲ್ಲಿ ಮೆಟ್ಟಿಲಿದೆಯಲ್ಲ."

"ಅದು... ಮೊದಲು ಹಾಗೆ ಬರೆದಿದ್ದೆ. ಆಮೇಲೆ ತೆಗಿ ಅಂದ್ರು."

"ಜಾಗ ಇತ್ತು ಹಾಗಾದ್ರೆ."

"ಇತ್ತು."

"ತೆಗಿ ಅಂದೋರು ಅವರು. ತೆಗೆದಿದ್ದು ಯಾರು?"

ಅಷ್ಟರಲ್ಲಿ ಯಾರೋ ಹೂಗುಚ್ಛ ಹಿಡಿದು ಬಂದು ಅವಳನ್ನು ವೇದಿಕೆಗೆ ಕರೆದರು. ಅವಳು ಹೋದಳು. ಚಪ್ಪಾಳೆ ಬಿತ್ತು, ನಾಲ್ಕು ಮಾತು ಆಡಿದಳು, ಏನಾಡಿದಳೋ ಅವಳಿಗೇ ನೆನಪಿಲ್ಲ. ಇಳಿದು ಬಂದಾಗ ಚಿಕ್ಕಮ್ಮ ಇರಲಿಲ್ಲ. ಹೊರಗೆ ಓಡಿದಳು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಚಿಕ್ಕಮ್ಮ ಕೂತಿದ್ದಳು, ಅಳುತ್ತಿರಲಿಲ್ಲ.

"ಎರಡು ವರ್ಷ ನಾನು ಇಡೀ ಕಟ್ಟಡದ ಮುಂದೆ ಜಾಗ ಇರ್ಲಿಲ್ಲ, ಜಾಗ ಇರ್ಲಿಲ್ಲ ಅಂತ ವಾದ ಮಾಡಿದೀನಿ" ಎಂದಳು. "ನೀನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ."

"ತಪ್ಪಾಯ್ತು ಚಿಕ್ಕಮ್ಮ."

"ಈ ಮನೆ ಅಪಾಯ ಅಂತ ಒಂದು ಮಾತು ಹೇಳಿದ್ದಿದ್ರೆ ನಾವು ಮನೆ ಬದಲಾಯಿಸಿಕೊಳ್ತಿದ್ವಿ. ಮೆಟ್ಟಿಲ ತುದೀಲಿ ಇದ್ದೋರು ನಮ್ಮ ಜೊತೆ ಕೆಲಸ ಮಾಡೋರೇ, ಒಪ್ಪಿಕೊಳ್ತಿದ್ರು. ನಿಂಗೆ ಹೇಳೋಕೆ ಏನಾಗಿತ್ತು?"

ಬಸ್ಸು ಬಂತು, ಚಿಕ್ಕಮ್ಮ ಹತ್ತಿದಳು.

ಮಾರನೆಯ ವಾರವೇ ಅವಳು ನಗರಸಭೆಗೆ ಪತ್ರ ಬರೆದಳು. ನಿಯಮ ಮೀರಿದ ನಕ್ಷೆಗೆ ತಾನು ತಿಳಿದೂ ತಿಳಿದೂ ಸಹಿ ಹಾಕಿದ್ದೇನೆ, ಕಡತದ ಕೋಣೆಗಳನ್ನು ಒಡೆದು ಮೆಟ್ಟಿಲು ಕಟ್ಟಬೇಕು, ನಕ್ಷೆಯನ್ನು ತಾನೇ ಮಾಡಿಕೊಡುತ್ತೇನೆ ಎಂದು. ದೊಡ್ಡ ಎಂಜಿನಿಯರು ಅವಳನ್ನು ಕರೆಸಿದರು. ಈ ಸಲ ಕೂರಿ ಎನ್ನಲಿಲ್ಲ.

"ನಿಮ್ಮ ಚಿಕ್ಕಪ್ಪ ಹೋಗಿದ್ದು ಹೃದಯದ ಕಾಯಿಲೆಯಿಂದ. ನನ್ನ ಮೆಟ್ಟಿಲಿಂದ ಅಲ್ಲ."

"ನಿಮ್ಮದಲ್ಲ ಸರ್, ನನ್ನ ಮೆಟ್ಟಿಲು."

"ಸರಿ, ಹಾಗೇ ಇಟ್ಕೊಳ್ಳಿ. ನಕ್ಷೇಲಿ ಇರೋ ಸಹಿನೂ ನಿಮ್ಮದೇ."

ಗ್ರಂಥಾಲಯದ ಕೆಲಸ ತಿಂಗಳೊಳಗೆ ಇನ್ನೊಬ್ಬರ ಪಾಲಾಯಿತು. ಪಾಯ ಮಾತ್ರ ಅವಳದು, ಮೇಲೆ ಎದ್ದದ್ದು ಬೇರೆಯವರ ಕಟ್ಟಡ. ಬಂದು ಹೋಗುತ್ತಿದ್ದ ಸಣ್ಣಪುಟ್ಟ ಕೆಲಸಗಳೂ ನಿಂತವು. ಕಟ್ಟಿದವಳೇ ತನ್ನ ಕಟ್ಟಡ ಸರಿಯಿಲ್ಲ ಎಂದು ಬರೆದುಕೊಟ್ಟ ಮೇಲೆ ಯಾರು ತಾನೇ ಕರೆಯುತ್ತಾರೆ? ಅವಳು ಇನ್ನೊಬ್ಬರ ಕಚೇರಿಯಲ್ಲಿ ಇನ್ನೊಬ್ಬರ ಕಟ್ಟಡಗಳಿಗೆ ಕಿಟಕಿ ಬಾಗಿಲು ಬರೆಯುವ ಕೆಲಸಕ್ಕೆ ಸೇರಿದಳು. ಮೆಟ್ಟಿಲಿನ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿತ್ತು. ಕಟ್ಟಡದವರು ಅದರ ಬೆನ್ನು ಹತ್ತಿದ್ದರು. ಅವಳ ನಕ್ಷೆ ತೆಗೆದುಕೊಂಡರು, ಅವಳನ್ನು ಮಾತ್ರ ಸಭೆಗೆ ಕರೆಯಲಿಲ್ಲ.

ಚಿಕ್ಕಮ್ಮ ಮೂರನೆಯ ಮಹಡಿಯ ಮನೆಯನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಗಂಡಹೆಂಡಿರಿಗೆ ಕೊಟ್ಟು, ಅವರ ನೆಲಮಹಡಿಯ ಮನೆಗೆ ಬಂದಳು. ಆ ಸುದ್ದಿ ಅವಳಿಗೆ ತಿಳಿದದ್ದು ಬೇರೆ ಯಾರಿಂದಲೋ. ಒಂದು ಭಾನುವಾರ ಮಧ್ಯಾಹ್ನ ಅವಳು ಹುಡುಕಿಕೊಂಡು ಹೋದಳು. ಬಾಗಿಲು ತೆರೆದೇ ಇತ್ತು. ಚಿಕ್ಕಮ್ಮ ಹೊಲಿಗೆ ಮೆಷೀನಿನ ಪಕ್ಕದಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ತಲೆಯೆತ್ತಿ ನೋಡಿ, ಎದ್ದು, ಸೆರಗು ಸರಿಮಾಡಿಕೊಂಡಳು.

"ಬನ್ನಿ. ಕೂತ್ಕೊಳ್ಳಿ" ಎಂದಳು.

ತನ್ನ ಬೆನ್ನ ಹಿಂದೆ ಇನ್ನಾರಾದರೂ ಬಂದಿದ್ದಾರೇನೋ ಎಂದು ಅವಳು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಚಿಕ್ಕಮ್ಮ ಆಗಲೇ ಒಳಗೆ ಹೋಗಿ ಒಲೆ ಹೊತ್ತಿಸುತ್ತಿದ್ದಳು.

"ಚಹಾಕ್ಕೆ ಸಕ್ಕರೆ ಹಾಕ್ಲಾ ನಿಮಗೆ?" ಎಂದು ಅಲ್ಲಿಂದಲೇ ಕೇಳಿದಳು.