ಇಟಲಿಯ ಬೀಗತನ

ಕೋಣಗಳೆರಡರ ಕಾಳಗದಲ್ಲಿ ಗಿಡಕ್ಕೆ ಮಿತ್ತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ತಿಕೋಟಾದ ಗಾಣದ ಶಂಕ್ರೆಪ್ಪನಿಗೆ ಆ ಭಾದ್ರಪದದಲ್ಲಿ ಯಾವ ಗಾದೆಯೂ ನೆನಪಾಗಲಿಲ್ಲ. ಇಟಲಿ ಜರ್ಮನಿಯ ಕೈಬಿಟ್ಟು ಇಂಗ್ಲಿಷರಿಗೆ ಶರಣಾಗಿದೆ ಎಂಬ ಸುದ್ದಿ ಊರಿಗೆ ಬಂದಿತ್ತು. ಅವನ ಒಬ್ಬನೇ ಮಗ ಪರಸಪ್ಪ ಇಂಗ್ಲಿಷರ ದಂಡಿಗೆ ಸೇರಿ, ಆಫ್ರಿಕಾದ ಉಸುಕಿನಲ್ಲಿ ಸಿಕ್ಕುಬಿದ್ದು, ಹೋದ ವರ್ಷದಿಂದ ಇಟಲಿಯ ಸೆರೆಯಲ್ಲಿದ್ದ.

ಶಂಕ್ರೆಪ್ಪ ಗಾಣದ ಎತ್ತು ಬಿಚ್ಚಿ ಬಂಡಿಗೆ ಹೂಡಿಕೊಂಡು ನೇರ ವಿಜಾಪುರಕ್ಕೆ ಹೋದ. ದಂಡಿನವರ ಮನೆಮಂದಿಗೆ ಸುದ್ದಿ ತಿಳಿಸುವ ಕಚೇರಿಯಲ್ಲಿ ಫಕ್ರುದ್ದೀನ ಕಾರಕೂನನಾಗಿದ್ದ. ತಿಕೋಟಾದವನೇ, ಪರಸಪ್ಪನ ಜೊತೆ ಸಾಲಿ ಕಲಿತವನು.

"ಹಗೀ ಮನಿ ಹೋಗಿ ಬೀಗರ ಮನಿ ಆತಲ್ಲೋ! ಇನ್ನ ನನ್ನ ಮಗನ್ನ ಹಾಲು ತುಪ್ಪ ಉಣಿಸಿ ಕಳಿಸ್ತಾರ" ಎಂದ ಶಂಕ್ರೆಪ್ಪ.

"ಕಾಕಾ, ಇಟಲಿ ತಿರುಗಿದ್ದು ಖರೇರಿ. ಆದ್ರ ಜರ್ಮನಿ ಇನ್ನೂ ಅದರ ಪಡಸಾಲ್ಯಾಗ ಕುಂತೈತಿ. ಸಿಟ್ಟಿಗೆದ್ದ ಬೀಗ ಹೊರಗ ಹೋಗೂಮುಂದ ಏನೇನ ಒಡೀತಾನೋ ಯಾರಿಗೆ ಗೊತ್ತರಿ? ಸ್ವಲ್ಪ ತಡೀರಿ" ಎಂದ ಫಕ್ರುದ್ದೀನ.

ಶಂಕ್ರೆಪ್ಪನಿಗೆ ಬೇಕಾದ ಅರ್ಧ ಕೇಳಿಸಿತು, ಬೇಡವಾದ ಅರ್ಧ ಕೇಳಿಸಲಿಲ್ಲ. ತಡೆಯಲು ಅವನಿಗೆ ಪುರಸೊತ್ತೂ ಇರಲಿಲ್ಲ. ಪರಸಪ್ಪನಿಗೆಂದು ನಿಶ್ಚಯ ಮಾಡಿದ್ದ ಬಬಲೇಶ್ವರದ ಶಿವಯೋಗೆಪ್ಪನ ಮಗಳು ಅಕ್ಕನಾಗಮ್ಮ ಮೂರು ವರ್ಷದಿಂದ ಕಾಯುತ್ತ ಕುಳಿತಿದ್ದಳು. ಈಗ ನಿಡೋಣಿಯಿಂದ ಬೇರೆ ಸಂಬಂಧ ಬಂದಿತ್ತು. ಮಗ ಬಂದಾಗ ಹೆಣ್ಣು ಬೇರೆಯವರ ಮನೆ ತುಂಬಿದ್ದರೆ ತಾನು ಯಾವ ಮುಖ ತೋರಿಸಲಿ ಎಂಬುದೇ ಅವನ ಚಿಂತೆ.

ಬಬಲೇಶ್ವರಕ್ಕೆ ಹೋಗಿ ಬೀಗರ ಎದುರು ಕುಳಿತ. ದಂಡಿಗೆ ಹೋದ ವರ ಬಾರದಿದ್ದರೆ ಅವನ ಕಠಾರಿಯನ್ನು ಮಣೆಯ ಮೇಲಿಟ್ಟು ಅಕ್ಕಿಕಾಳು ಹಾಕುವ ರೂಢಿ ಅಜ್ಜಂದಿರ ಕಾಲದಲ್ಲಿತ್ತಂತೆ. ಆ ರೂಢಿಯನ್ನೇ ಹುಡುಕಿ ತೆಗೆದ.

"ಉಗಾದಿಗೆ ಹುಡುಗ ಬರ್ತಾನ್ರಿ ಬೀಗರ. ಇಟಲಿ ಈಗ ನಮ್ಮ ಕಡೆ. ನನ್ನ ಮಾತಿಗೆ ಮಗಳನ್ನ ಕೊಡ್ರಿ."

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ನೋಡಿ ನಗುತ್ತೇವೆ. ಆದರೆ ಹೆತ್ತವರ ಆಸೆ ಎದುರು ಕುಳಿತು ಗಲ್ಲ ಹಿಡಿದರೆ ನಗುವುದು ಸುಲಭವಲ್ಲ. ಶಿವಯೋಗೆಪ್ಪ ಒಪ್ಪಿದ. ತುಳಸಿ ಲಗ್ನ ಮುಗಿದ ವಾರದಲ್ಲೇ ಮಠದ ಬಸಲಿಂಗಯ್ಯನೋರು ಮದುವೆಯ ಮಂತ್ರ ಹೇಳಿದರು. ಮಣೆಯ ಮೇಲೆ ಬರೀ ಕಠಾರಿಯಿದ್ದು, ತಾಳಿ ಕಟ್ಟಲು ವರನಿರಲಿಲ್ಲವಾದ್ದರಿಂದ ಅವನ ತಾಯಿ ಲಕ್ಕವ್ವನೇ ಸೊಸೆಗೆ ತಾಳಿ ಕಟ್ಟಿದಳು. ಅಕ್ಕನಾಗಮ್ಮ ತಿಕೋಟಾಕ್ಕೆ ಬಂದು ನಾಲ್ಕೇ ದಿನದಲ್ಲಿ ಅತ್ತೆಯ ಕೈಯಿಂದ ಸೌಟು ಕಿತ್ತುಕೊಂಡಳು. ಕಾಣದ ಗಂಡನ ಅಂಗಿಗಳನ್ನು ತೆಗೆದು ಒಗೆದು ಬಿಸಿಲಿಗೆ ಹಾಕಿದಳು. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ನಗು ಕೇಳಿಸಿತು.

ಸಂಕ್ರಾಂತಿಯಾದ ಮೇಲೆ ಫಕ್ರುದ್ದೀನ ಹೇಳಿಕಳಿಸಿದ. ಶಂಕ್ರೆಪ್ಪ ಹೋದಾಗ ಅವನು ಎದ್ದು ಬಾಗಿಲು ಮುಚ್ಚಿ, ಸರಕಾರದ ಕಾಗದವನ್ನು ಮುಂದಿಟ್ಟುಕೊಂಡು ನಿಧಾನವಾಗಿ ಹೇಳಿದ. ಇಟಲಿ ಪಕ್ಷ ಬದಲಿಸಿದ ದಿನ ಸೆರೆಮನೆಯ ಬಾಗಿಲು ತೆರೆದಿತ್ತು. ಪರಸಪ್ಪ ಹೊರಬಿದ್ದು ಗುಡ್ಡದ ಮೇಲಿನ ಒಬ್ಬ ಒಕ್ಕಲಿಗನ ಮನೆಯಲ್ಲಿ ಅಡಗಿದ್ದ. ಆ ಮನೆಯವರು ಅವನನ್ನು ಮಗನ ಹಾಗೆ ಇಟ್ಟುಕೊಂಡಿದ್ದರು. ಕೈಕೊಟ್ಟ ಗೆಳೆಯನ ಮೇಲಿನ ಸಿಟ್ಟನ್ನು ಜರ್ಮನರು ಹಳ್ಳಿ ಹಳ್ಳಿಯ ಮೇಲೆ ತೀರಿಸಿಕೊಂಡರು. ಹುಡುಕಿ ಬಂದು ಮನೆಯವನನ್ನೂ ಪರಸಪ್ಪನನ್ನೂ ಒಂದೇ ಗೋಡೆಗೆ ನಿಲ್ಲಿಸಿ ಗುಂಡು ಹಾಕಿದರು.

"ಯಾವಾಗ?" ಎಂದ ಶಂಕ್ರೆಪ್ಪ.

"ಮದುವಿ ಆಗಿ ಹದಿನೈದು ದಿನಕ್ಕರಿ, ಕಾಕಾ."

ಶಂಕ್ರೆಪ್ಪ ಗೋಡೆ ಹಿಡಿದು ಕುಳಿತ. ಮಗನ ಮುಖ ಕಣ್ಣ ಮುಂದೆ ಬರುವ ಮೊದಲೇ ಸೊಸೆಯ ಮುಖ ಬಂತು. ಗಂಡನ ಮುಖ ನೋಡದೆ ಮುತ್ತೈದೆಯಾದವಳು, ಈಗ ನೋಡದೆಯೇ ವಿಧವೆ. ಇನ್ನು ಹಸೆಗೆ ಕರೆಯುವವರಿಲ್ಲ, ಆರತಿಗೆ ಕರೆಯುವವರಿಲ್ಲ. ಹೆಚ್ಚೆಂದರೆ ಯಾವನೋ ಮುದುಕನ ಜೊತೆ ಉಡಿಕಿಯ ಮರುಮದುವೆ. ತನ್ನ ಒಂದು ಮಾತಿಗೆ ಹೆಣ್ಣು ಕೊಟ್ಟವರ ಮನೆಯ ದೀಪವನ್ನು ತಾನೇ ಊದಿದ ಹಾಗಾಯಿತು.

ಅವನು ಎದ್ದು ಆ ಕಾಗದದ ಮೇಲೆ ಕೈಯಿಟ್ಟ.

"ಫಕ್ರುದ್ದೀನ, ಸತ್ತವಗ ಮದುವಿ ಆಗಂಗಿಲ್ಲ, ಹೌದಿಲ್ಲೋ? ಮದುವಿ ದಿನ ಅವ ಇದ್ದಿದ್ದೇ ಇಲ್ಲ ಅಂದ್ರ ಆ ತಾಳಿ ತಾಳಿನ ಅಲ್ಲ."

"ಆದ್ರ ಇದ್ದನಲ್ಲರಿ."

"ನೀ ನಾ ಇಬ್ಬರ ಬಲ್ಲಿವಿ."

ಸುದ್ದಿ ಇವತ್ತು ಬಂತೆಂದರೆ ಶಿವಯೋಗೆಪ್ಪ ನಾಳೆಯೇ ಕಚೇರಿಗೆ ಬಂದು ಕಾಗದ ಓದಿಸುತ್ತಾನೆ, ತಾರೀಖು ಬಯಲಾಗುತ್ತದೆ. ಆದ್ದರಿಂದ ಇವತ್ತು ಯಾವ ಸುದ್ದಿಯೂ ಬಂದಿಲ್ಲ. ಬಂದದ್ದು ಮದುವೆಗೆ ಮೊದಲೇ, ಅದನ್ನು ಸುಟ್ಟವನು ಶಂಕ್ರೆಪ್ಪನೇ. ಹಾಗೆ ಹೇಳುವುದೆಂದು ಅವನು ನಿಶ್ಚಯಿಸಿದ. ಫಕ್ರುದ್ದೀನ ಕಣ್ಣೊರೆಸಿಕೊಂಡು ಕಾಗದವನ್ನು ಮಡಿಚಿ ಕಪಾಟಿನ ತಳಕ್ಕೆ ಹಾಕಿದ.

ಮರುದಿನ ಬಸಲಿಂಗಯ್ಯನೋರ ಮುಂದೆ ಶಿವಯೋಗೆಪ್ಪನನ್ನೂ ಕರೆಸಿ ಶಂಕ್ರೆಪ್ಪ ಅದನ್ನೇ ಹೇಳಿದ. ಬಾಗಿಲ ಹಿಂದೆ ಅತ್ತೆ ಸೊಸೆ ನಿಂತಿದ್ದರು. "ಇಟಲಿ ತಿರುಗಿದ ದಿನಾನ ಹೊಡದಾರಂತ್ರಿ. ದೀಪಾವಳಿ ಮುಂದ ಕಾಗದ ಬಂದಿತ್ತು. ಸೊಸಿ ಕೈ ಬಿಟ್ಟ ಹೋಗಬಾರದಂತ ಸುಟ್ಟೆ." ಒಳಗೆ ಲಕ್ಕವ್ವ ಚೀರಿದಳು.

ಶಿವಯೋಗೆಪ್ಪ ಎದ್ದವನೇ ಚಪ್ಪಲಿಗೆ ಕೈ ಹಾಕಿದ. "ಲೇ ಮನಿಹಾಳ! ಹೆಣಕ್ಕ ನನ್ನ ಮಗಳನ್ನ ಕಟ್ಟಿದೇನೋ? ನಿನಗಿಂತ ಆ ಜರ್ಮನಿಯವರ ಚಲೋ!"

ಅಯ್ಯನೋರು ಅವನನ್ನು ತಡೆದರು. "ಕೂಡ್ರಪಾ. ಜೀವ ಇಲ್ಲದವನ ಹೆಸರಲೆ ಕಟ್ಟಿದ್ದು ಬರೇ ದಾರ. ನಿನ್ನ ಮಗಳು ಇನ್ನೂ ಕನ್ಯಾನ ಅದಾಳ, ಕರಕೊಂಡು ನಡಿ. ನಿಡೋಣಿಯವರಿಗೆ ನಾನ ಹೇಳ್ತೇನಿ."

ಆ ಮಾತಿಗಾಗಿಯೇ ಶಂಕ್ರೆಪ್ಪ ಉಸಿರು ಬಿಗಿಹಿಡಿದಿದ್ದ. ಅಕ್ಕನಾಗಮ್ಮ ಹೊರಗೆ ಬಂದಳು. ತಾಳಿ ಬಿಚ್ಚಿ ಅವನ ಮುಂದಿಟ್ಟಳು. "ಮಾವಾರ, ನಾ ನಿಮ್ಮನ್ನ ಅಪ್ಪ ಅಂತ ತಿಳಿದಿದ್ನಿ" ಎಂದಳು. ಬಂಡಿ ಬಬಲೇಶ್ವರದ ದಾರಿ ಹಿಡಿಯಿತು. ಓಣಿಯವರು ಶಂಕ್ರೆಪ್ಪನ ಬಾಗಿಲಿಗೆ ಉಗುಳಿ ಹೋದರು.

ಲಕ್ಕವ್ವನಿಗೊಬ್ಬಳಿಗೆ ನಿಜ ಹೇಳಬಹುದಿತ್ತು. ಆದರೆ ಅವಳ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ಮಾತು ಬಬಲೇಶ್ವರ ಮುಟ್ಟಿದರೆ ಸಾಕು, ಆ ಹುಡುಗಿ ಮತ್ತೆ ವಿಧವೆ.

ಸಂಜೆ ಲಕ್ಕವ್ವ ಒಲೆ ಹಚ್ಚದೆ ಅದರ ಮುಂದೆ ಕುಳಿತಿದ್ದಳು. ಧ್ವನಿ ಪೂರ್ತಿ ಒಡೆದಿತ್ತು.

"ನನ್ನ ಕೈಲೆ ತಾಳಿ ಕಟ್ಟಿಸಿದಿ. ಆವತ್ತ ನಿನಗ ಗೊತ್ತಿತ್ತೇನು, ನನ್ನ ಕೂಸು ಇಲ್ಲಂತ?"

ಆವತ್ತು ನಿನ್ನ ಕೂಸು ಇದ್ದ ಲಕ್ಕವ್ವ, ಯಾವಳೋ ತಾಯಿ ಬಡಿಸಿದ ಅನ್ನ ಉಣ್ಣುತ್ತಿದ್ದ ಎಂಬ ಮಾತು ಅವನ ಗಂಟಲವರೆಗೆ ಬಂತು. ನುಂಗಿದ.

"ಗೊತ್ತಿತ್ತು."

ಲಕ್ಕವ್ವ ಅವನನ್ನು ಗುರುತಿಲ್ಲದವನನ್ನು ನೋಡಿದ ಹಾಗೆ ನೋಡಿದಳು.

"ಹಂಗಾದ್ರ ನೀ ಒಬ್ಬನ ಕುಂತು ಅತ್ತು ಮುಗಿಸಿ ಬಿಟ್ಟಿ. ನಾ ಇವತ್ತ ಸುರು ಮಾಡಬೇಕು" ಎಂದು ಮುಖಕ್ಕೆ ಸೆರಗು ಮುಚ್ಚಿಕೊಂಡಳು.

ಶಂಕ್ರೆಪ್ಪನ ಕಣ್ಣಿಂದ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಆಗಲೇ ಅತ್ತು ಮುಗಿಸಿದವನೆನಿಸಿಕೊಂಡು ಈಗ ಅಳುವಂತೆಯೂ ಇರಲಿಲ್ಲ. ಅವನು ಎದ್ದು ಹೋಗಿ ಎತ್ತು ಕಟ್ಟಿ ಗಾಣ ತಿರುಗಿಸತೊಡಗಿದ.