ಬೀಳು ಹೊಲದ ಕಡಲೆ

ಬೆಳೆದರೆ ಸಹಾಯಧನ ಕೊಡುತ್ತಿದ್ದ ಸರ್ಕಾರ ಈ ವರ್ಷ ಬೆಳೆಯದಿದ್ದರೆ ಕೊಡುತ್ತೇನೆಂದಿತು. ಮಣ್ಣಿಗೆ ವಿಶ್ರಾಂತಿ ಬೇಕಂತೆ. ಇಷ್ಟು ಕಾಲ ಎಲ್ಲಿತ್ತೋ ಈ ಕರುಣೆ! ಇರಲಿ. ಹೊಲ ಬೀಳು ಬಿಟ್ಟರೆ ಬರುವ ಹಣದಲ್ಲಿ ಅರ್ಧ ಹೊಲದ ಒಡೆಯನಿಗೆ, ಅರ್ಧ ಅದನ್ನು ಉಳುತ್ತಿದ್ದವರಿಗೆ. ಒಡೆಯನೇ ಉಳುತ್ತಿದ್ದರೆ ಪೂರ್ತಿ ಅವನದೇ.

ಅಕ್ಕ-ತಮ್ಮ ಇಬ್ಬರಲ್ಲಿ ಅಪ್ಪ ಈ ಹೊಲವನ್ನು ತಮ್ಮನ ಹೆಸರಿಗೆ ಬರೆದಿದ್ದ. ತಮ್ಮನಿಗೆ ಪೇಟೆಯಲ್ಲಿ ಟೈಲ್ಸ್ ಅಂಗಡಿ. ಹೊಲದ ಕೆಸರು ಅವನ ಚಪ್ಪಲಿಗೂ ತಾಗಿದ್ದಿಲ್ಲ. ಗಂಡ ಸತ್ತಾಗಿನಿಂದ ಇಲ್ಲಿ ಉತ್ತು, ಬಿತ್ತಿ, ಕಡಲೆ ಬೆಳೆದು, ಅವನ ಪಾಲನ್ನು ಮನೆ ಬಾಗಿಲಿಗೆ ಕಳಿಸುತ್ತಿದ್ದವಳು ಅಕ್ಕ. "ಉಳೋದು ನೀನು ಅಂತ ಹೇಳ್ತೀನಿ ಬಿಡಕ್ಕ, ಅದೇನು ದೊಡ್ಡ ವಿಷಯ" ಎಂದು ಅರ್ಜಿ ಹಾಕುವಾಗ ಅವನು ಹೇಳಿದ್ದ. ಅವಳು ನಂಬಿದಳು. ಒಡಹುಟ್ಟಿದವನನ್ನು ನಂಬದೆ ಇನ್ನಾರನ್ನು ನಂಬಬೇಕು?

ಆದರೆ ಸರ್ಕಾರದ ಆದೇಶವನ್ನು ಹೊಲಕ್ಕೆ ಯಾರೂ ಓದಿ ಹೇಳಿರಲಿಲ್ಲ. ಎರಡು ಮಳೆ ಬಿದ್ದದ್ದೇ ತಡ, ಹೋದ ಕೊಯ್ಲಿನಲ್ಲಿ ಉದುರಿದ ಕಾಳೆಲ್ಲ ಮೊಳೆತು ಹೊಲ ಹಸಿರಾಯಿತು. ತಪಾಸಣೆಯ ದಿನ ತಮ್ಮ ಬೆಳಿಗ್ಗೆಯೇ ಓಡಿಬಂದ.

"ಅಕ್ಕ, ಮುಗೀತು ಕಥೆ! ಬಿತ್ತಿದ್ದೀವಿ ಅಂದ್ಕೋತಾರೆ. ಬೇಗ ಕಿತ್ತು ಹಾಕು."

"ನಾನೊಬ್ಬಳೇನಾ? ನೀನೂ ಬಗ್ಗು."

"ನನಗೆ ಸೊಂಟ ನೋವಲ್ವಾ?"

ಅವಳು ಸೆರಗು ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತಳು. ಒದ್ದೆ ಮಣ್ಣಿನಿಂದ ಗಿಡಗಳು ಸಲೀಸಾಗಿ ಬಂದವು. ಇಷ್ಟು ವರ್ಷ ಒಂದು ಗಿಡ ಒಣಗಿದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಈಗ ಹೂ ಬಿಡಬೇಕಾದವನ್ನು ಕೈಯಾರೆ ಕೀಳಬೇಕಿತ್ತು. ಕಿತ್ತಳು. ಒಂದು ಮೂಲೆ ಉಳಿದಿತ್ತು, ಅಷ್ಟರಲ್ಲಿ ಅಧಿಕಾರಿಯ ಜೀಪು ಬಂತು.

ಅಧಿಕಾರಿ ವಯಸ್ಸಾದವನು, ಮಾತು ಮೆತ್ತಗೆ. ರಾಶಿ ಬಿದ್ದ ಗಿಡಗಳನ್ನು ನೋಡಿದ.

"ತಾನಾಗಿ ಹುಟ್ಟಿದ್ದು ಸಾರ್," ಎಂದ ತಮ್ಮ.

"ಗೊತ್ತಾಗುತ್ತೆ ಬಿಡಿ, ಬಿತ್ತನೆಯ ಸಾಲೇ ಇಲ್ಲ. ಅದಕ್ಕೇನೂ ತೊಂದರೆ ಇಲ್ಲ. ಇಲ್ಲಿ ಉಳ್ತಿದ್ದವರು ಯಾರು?"

ಅಕ್ಕನ ಕೈ ನಿಂತಿತು. ಈಗ ಹೇಳುತ್ತಾನೆ ಎಂದುಕೊಂಡಳು.

"ನಾನೇ ಸಾರ್."

"ಈಯಮ್ಮ?"

ತಮ್ಮ ಒಮ್ಮೆಯೂ ಅವಳತ್ತ ನೋಡಲಿಲ್ಲ. "ಯಾರೋ ಕೂಲಿಯವಳು."

ಬರೀ ಹಣ ನುಂಗಿದ್ದರೆ ಅವಳು ನಾಲ್ಕು ಬೈದು ಸುಮ್ಮನಾಗುತ್ತಿದ್ದಳೇನೋ. ಯಾರೋ! ಅಂಬೆಗಾಲಿಡುವಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಯಾರೋ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತಳು.

"ನಾನು ಇವನ ಅಕ್ಕ, ಸ್ವಾಮಿ. ಈ ಹೊಲ ಉಳ್ತಿದ್ದಿದ್ದು ನಾನು. ಬೇಕಾದ್ರೆ ಊರಲ್ಲಿ ಯಾರನ್ನಾದ್ರೂ ಕೇಳಿ."

"ಸುಮ್ನಿರು!" ತಮ್ಮನ ಮುಖ ಬಿಳಿಚಿಕೊಂಡಿತು.

ಅಧಿಕಾರಿ ಕನ್ನಡಕ ತೆಗೆದು ಒರೆಸಿದ. "ನೋಡಮ್ಮ, ಅರ್ಜಿಯಲ್ಲೂ ಇವರೇ ಉಳ್ತಿದ್ದದ್ದು ಅಂತಿದೆ. ನೀವು ಹೇಳಿದ್ದನ್ನ ಬರೆದ್ರೆ ಸುಳ್ಳು ಅರ್ಜಿ ಅಂತಾಗುತ್ತೆ. ಅರ್ಜಿಯೇ ವಜಾ. ಆಗ ನಿಮಗೂ ಏನೂ ಬರಲ್ಲ. ಯೋಚನೆ ಮಾಡಿ ಹೇಳಿ."

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ತಮ್ಮ ಪಿಸುಗುಟ್ಟಿದ. "ಅರ್ಧ ನಾನೇ ಕೈಯಿಂದ ಕೊಡ್ತೀನಿ. ಇಲ್ಲಾಂದ್ರೆ ನಾಳೆಯಿಂದ ಈ ಹೊಲಕ್ಕೆ ಕಾಲಿಡಬೇಡ!"

ಅವಳು ಹೊಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಇದೊಂದನ್ನು ಬಿಟ್ಟರೆ ಅವಳಿಗೆ ದುಡಿಯಲು ಬೇರೆ ನೆಲವಿರಲಿಲ್ಲ. 

"ಬರೀರಿ ಸ್ವಾಮಿ," ಎಂದಳು.

ಅಧಿಕಾರಿ ಬರೆದ. ತಮ್ಮ ದುರ್ದಾನ ತೆಗೆದುಕೊಂಡವನಂತೆ ಬೈಕ್ ಹತ್ತಿ ಹೋದ. ಜೀಪಿನತ್ತ ನಡೆಯುತ್ತಿದ್ದ ಅಧಿಕಾರಿಯನ್ನು ಅವಳು ಕೂಗಿ ನಿಲ್ಲಿಸಿದಳು.

"ಏನು ಬರೆದಿದ್ದೀರಿ, ಒಂದು ಸಲ ಓದಿ."

"ಉಳುತ್ತಿದ್ದವರು, ಒಡೆಯನ ಅಕ್ಕ."

"ಇನ್ನೊಂದು ಸಲ," ಎಂದಳು ಅವಳು.