ಶ್ರೀಶೈಲಪ್ಪ ಮಾಸ್ತರರು ಪಾಸು ಮಾಡಿದ ಬೂಟು

೧

ಈ ಕಥೆಯನ್ನು ಎಲ್ಲಿಂದ ಹಿಡಿಯಲಿ, ನೀವೇ ಹೇಳಿ. ಬೂಟಿನಿಂದ ಹಿಡಿದರೆ ಜಾಹೀರಾತಿನ ಹಾಗೆ ಕಾಣುತ್ತದೆ. ಮೊಣಕಾಲಿನಿಂದ ಹಿಡಿದರೆ ಮೊದಲ ಸಾಲಿಗೇ ‘ಅಯ್ಯೋ ಪಾಪ’ ಎಂದು ಪುಟ ತಿರುವಿಬಿಡುತ್ತೀರಿ. ‘ಅರವತ್ತರ ದಶಕದ ಆರಂಭದಲ್ಲಿ ಸಿಂದಗಿಯಲ್ಲಿ...’ ಎಂದು ಗಂಭೀರವಾಗಿ ಬರೆದೂ ನೋಡಿದೆ. ಓದಿದರೆ ಮಾಮಲೇದಾರ ಕಚೇರಿಯ ವರದಿಯ ಥರ ಇತ್ತು. ಹರಿದು ಹಾಕಿದೆ.

ಮನುಷ್ಯನಿಂದಲೇ ಶುರು ಮಾಡೋಣ. ಶ್ರೀಶೈಲಪ್ಪ ಮಾಸ್ತರರು ಸಿಂದಗಿಯ ಒಂದು ಹೈಸ್ಕೂಲಿನ ಡ್ರಿಲ್ ಮಾಸ್ತರರು. ಬ್ಯಾಸ್ಕೆಟ್‌ಬಾಲ್ ಎಂದರೆ ಜೀವ. ಆದರೆ ಶಾಲೆಯ ಬಯಲು ಎರೆಮಣ್ಣಿನದು, ಬಿಸಿಲಿಗೆ ಬಾಯಿಬಿಟ್ಟು ಚೆಂಡನ್ನು ಎಲ್ಲೆಂದರಲ್ಲಿ ಎಸೆಯುತ್ತಿತ್ತು. ಹಾಗಾಗಿ ಸುಗ್ಗಿ ಮುಗಿದ ಮೇಲೆ, ಊರಂಚಿನ ರಾವಸಾಬರ ಕಣವೇ ಅವರ ಕೋರ್ಟು. ಸೆಗಣಿ ಸಾರಿಸಿ ನುಣುಪು ಮಾಡಿದ, ಜೋಳ ತುಳಿಸುವ ಕಣ. ಪಕ್ಕದಲ್ಲಿ ಒಂದು ಕಂಬ, ಕಂಬಕ್ಕೆ ಕಮ್ಮಾರ ಬಡಿದುಕೊಟ್ಟ ಬಳೆ. ಎಲ್ಲರೂ ಬರಿಗಾಲು.

(ಇದು ಬಡತನದ ಮಾತಲ್ಲ. ಕಾಳು ರಾಶಿ ಹಾಕುವ ಜಾಗ ಅದು. ಅಲ್ಲಿಗೆ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಯಾರೂ ಹೋಗುವುದಿಲ್ಲ, ಯಾರೂ ಯಾರಿಗೂ ಅದನ್ನು ಹೇಳಿಕೊಡುವುದೂ ಇಲ್ಲ.)

೨

ಅಲ್ಲಿ ಆಡುವವರಲ್ಲಿ ಯಂಕಂಚಿ ಹಳ್ಳಿಯ ಹುಡುಗ ಅಮೀನುದ್ದೀನನದು ಬೇರೆಯೇ ಆಟ. ಓಡಿಬಂದವನು ನಿಲ್ಲುತ್ತಿರಲಿಲ್ಲ, ಒಂದು ಗೇಣು ಜಾರುತ್ತಿದ್ದ. ಆ ಜಾರಿಕೆಯಲ್ಲೇ ಮೈ ತಿರುಗಿಸಿ ಚೆಂಡು ಎತ್ತುತ್ತಿದ್ದ. ತಡೆಯಲು ಬಂದವನು ಎದುರಿಗೆ ಗಾಳಿಯನ್ನು ತಬ್ಬಿಕೊಂಡಿರುತ್ತಿದ್ದ.

ಜಿಲ್ಲಾ ಟೀಮಿನ ಆಯ್ಕೆ ಪಕ್ಕದ ತಾಲೂಕಿನ ಇಂಡಿ ಊರಲ್ಲಿ ಎಂದಾಯಿತು. ಜೊತೆಗೇ ಒಂದು ಷರತ್ತು: ಬೂಟಿಲ್ಲದವರು ಆಡುವಂತಿಲ್ಲ. ಅಮೀನುದ್ದೀನ ಹುಟ್ಟಿದಾಗಿನಿಂದ ಬೂಟು ಹಾಕಿದವನಲ್ಲ. ಮಾಸ್ತರರು ಅವನನ್ನು ಕರೆದುಕೊಂಡು ಹಾಜಿಮಲಂಗನ ಅಂಗಡಿಗೆ ಹೋದರು. ಸೊಲ್ಲಾಪುರದಿಂದ ತರಿಸಿದ ಬಿಳಿ ಕ್ಯಾನ್ವಾಸ್ ಬೂಟು, ಕೆಳಗೆ ದಪ್ಪ ರಬ್ಬರು.

“ಮಾಸ್ತರ, ನೀವ ಮೊದಲ ಹಾಕ್ಕೊಂಡು ನೋಡ್ರಿ,” ಅಂದ ಹಾಜಿಮಲಂಗ. “ನೀವು ಹೂಂ ಅಂದ್ರ ಸಾಕು, ನಾಳೆ ಇಡೀ ಸಿಂದಗಿ ಹೂಂ ಅಂತೈತಿ.”

ಮಾಸ್ತರರು ಹಾಕಿಕೊಂಡರು. ಅಂಗಡಿಯ ಮುಂದಿನ ಹಾಸುಗಲ್ಲಿನ ಮೇಲೆ ಜಿಗಿದರು, ಓಡಿದರು, ಗಕ್ಕನೆ ನಿಂತರು. ಇಳಿಜಾರಾದ ಕಲ್ಲಿಗೆ ಒಂದು ಕೊಡ ನೀರು ಸುರಿಸಿ ಅದರ ಮೇಲೆ ನಿಂತರು. ಜಾರಲಿಲ್ಲ. ನೋಡಲು ಮಂದಿ ಸೇರಿತು.

“ಮದಿವಿ ಕುದುರಿ ಕುಣದ್ಹಂಗ ಕುಣ್ಯಾಕತ್ತೀರಲ್ರಿ!” ಅಂತ ಒಬ್ಬ ಕೂಗಿದ.

“ಕುದುರಿ ಕಿಮ್ಮತ್ತು ಕತ್ತೆಗೇನ ಗೊತ್ತಲೇ?” ಅಂತ ಮಾಸ್ತರರು. ನಗೆಯೋ ನಗೆ. ಆಮೇಲೆ ಬೂಟನ್ನು ತಿರುವಿ, ಮಡಚಿ, ಮೂಸಿ ನೋಡಿ ತೀರ್ಪು ಕೊಟ್ಟರು: “ಹಿಡಿತ ಭೇಷ್ ಐತಿ. ಪಾಸ್!”

ಅಮೀನುದ್ದೀನ ಮೆಲ್ಲಗೆ ಕೇಳಿದ: “ಸರ್, ಒಮ್ಮೆ ಕಣದಾಗ ಹಾಕ್ಕೊಂಡು ಆಡಿ ನೋಡ್ಲೇನ್ರಿ?”

“ಕಾಳಿನ ಜಾಗಾದಾಗ ಕಾಲ್ಮರಿ ಮೆಟ್ಟಿ ಹೊಕ್ಕಾರೇನೋ? ರಾವಸಾಬ್ರ ಮನಿಯವ್ರು ಏನ ತಿಳ್ಕೊಂಡಾರು? ನಾ ನೋಡೇನಲ್ಲ, ಸಾಕು.”

ಮಾಸ್ತರರು ಬೂಟನ್ನು ಕಲ್ಲಿನ ಮೇಲೆ ನೋಡಿದರು, ಇಳಿಜಾರಿನ ಮೇಲೆ ನೋಡಿದರು, ನೀರಿನ ಮೇಲೂ ನೋಡಿದರು. ಆಡುವ ನೆಲದ ಮೇಲೆ ಮಾತ್ರ ನೋಡಲಿಲ್ಲ.

೩ (ಹೊಡೆದು ಹಾಕಿದ್ದು)

~ಮಾಸ್ತರರು ರಾವಸಾಬರ ಮನೆಗೆ ಹೋಗಿ, ಅವರ ಹೆಂಡತಿ ರೇಣವ್ವನ ಮುಂದೆ ಕೈಮುಗಿದು, “ಬೂಟ ಹಾಕ್ಕೊಂಡು ಕಣದಾಗ ಆಡಾಕ ಒಂದ ಸಂಜಿ ಬಿಡ್ರಿ” ಎಂದು ಕೇಳಿದರು.~

ಇಷ್ಟು ಬರೆಯುವಷ್ಟರಲ್ಲಿ ಮಾಸ್ತರರೇ ಅಡ್ಡ ಬಂದರು.

“ಏನ್ರಿ, ಏನ ಬರ್ಯಾಕತ್ತೀರಿ? ನಾ ಕೇಳಲಿಲ್ರಿ. ನೀವು ಹ್ಯಾಂಗ ಕೇಳಸ್ತೀರಿ?”

“ನಿಮಗೆ ಒಳ್ಳೆಯದಾಗಲಿ ಅಂತ, ಮಾಸ್ತರೇ.”

“ನನಗ ಒಳ್ಳೇದು ಮಾಡಾಕ ಹೋಗಿ ನಾ ‘ಸಾಕು’ ಅಂದದ್ದನ್ನ ಅಳಸಬ್ಯಾಡ್ರಿ. ಈಗ ಬರದದ್ದನ್ನ ಹೊಡದು ಹಾಕ್ರಿ.”

ಹೊಡೆದು ಹಾಕಿದ್ದೇನೆ. ನೀವೂ ಓದಿಲ್ಲ ಅಂದುಕೊಳ್ಳಿ.

೩, ಎರಡನೇ ಸಲ

ಇಂಡಿಯ ಅಂಕಣವೂ ಸಾರಿಸಿದ್ದೇ. ಧೂಳು ಏಳಬಾರದೆಂದು ನೀರು ಚಿಮುಕಿಸಿದ್ದರು. ಅಮೀನುದ್ದೀನ ಚೆಂಡು ಹಿಡಿದು ಓಡಿಬಂದ, ಎಂದಿನಂತೆ ಜಾರಲೆಂದು ಕಾಲು ಇಟ್ಟ. ಬೂಟು ನೆಲವನ್ನು ಹಿಡಿದುಕೊಂಡಿತು. ಮೈ ತಿರುಗಿತು, ಪಾದ ತಿರುಗಲಿಲ್ಲ. ನಡುವೆ ಸಿಕ್ಕಿದ್ದು ಮೊಣಕಾಲು.

(ಇಲ್ಲಿ ಒಂದು ಉಪಮೆ ಇತ್ತು. ತೆಗೆದೆ. ಅವನು ಕೂಗಿದ್ದಕ್ಕಿಂತ ನನ್ನ ಉಪಮೆ ದೊಡ್ಡದಾಗಿ ಕೇಳುತ್ತಿತ್ತು.)

ಎಲುಬು ಕೂಡಿಕೊಂಡಿತು, ಕಾಲು ಮಾತ್ರ ಮತ್ತೆ ಮಡಚಲಿಲ್ಲ. ಟೀಮು ಇಂಡಿಯಿಂದ ಮುಂದೆ ಹೋಯಿತು. ಅವನು ಯಂಕಂಚಿಗೆ ವಾಪಸು ಬಂದು ಅಣ್ಣನ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ನಿಂತ.

ಮಾಸ್ತರರು ಆ ವಿಷಯ ಹೇಳಲು ರಾವಸಾಬರ ಮನೆಗೆ ಹೋದಾಗ ರೇಣವ್ವ ಎಲ್ಲ ಕೇಳಿಸಿಕೊಂಡು ಅಂದಳು: “ಒಂದ ಮಾತು ಕೇಳಿದ್ರ ನಾ ಬ್ಯಾಡ ಅಂತಿದ್ದೆನೇನ್ರಿ ಸರ? ಸುಗ್ಗಿ ಮುಗದಿತ್ತು. ನೀವು ಆಡಿ ಹೋದಮ್ಯಾಲ ಮತ್ತೊಮ್ಮೆ ಸಾರಸ್ತಿದ್ದೆ, ಅಷ್ಟ.”

ಅವಳು ಬೈದಿದ್ದರೆ ಮಾಸ್ತರರು ಬದುಕಿಕೊಳ್ಳುತ್ತಿದ್ದರು. ಅಂದಿನಿಂದ ಬಸ್ಸು ಯಂಕಂಚಿಯಲ್ಲಿ ನಿಂತರೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ.

ಮುಕ್ತಾಯಗಳು (ಬೇಕಾದ್ದು ಆರಿಸಿಕೊಳ್ಳಿ ಎನ್ನುವವನಿದ್ದೆ)

ಅ) ಅಮೀನುದ್ದೀನ ಇಂಡಿಯಲ್ಲಿ ಬೂಟು ಕಿತ್ತೆಸೆದು ಬರಿಗಾಲಲ್ಲಿ ಆಡುತ್ತಾನೆ, ಆಯ್ಕೆಗಾರರು ಷರತ್ತನ್ನೇ ಮರೆಯುತ್ತಾರೆ. ಚಪ್ಪಾಳೆ.

ಆ) ಮುದ್ದೇಬಿಹಾಳದ ವೈದ್ಯನೊಬ್ಬ ಎಣ್ಣೆ ತಿಕ್ಕಿ ಕಾಲನ್ನು ಮೊದಲಿನಂತೆ ಮಾಡುತ್ತಾನೆ.

‘ಆ’ ಬರೆಯುವಾಗ ಸ್ವತಃ ಅಮೀನುದ್ದೀನನೇ ಗಿರಣಿಯ ಸದ್ದಿನ ಮೇಲೆ ಕೂಗಿದ: “ಸಾಹೇಬ್ರ, ನೀವು ಕಾಗದದ ಮ್ಯಾಲ ನನ್ನ ಕಾಲು ಸರಿ ಮಾಡಿ ಹೊಂಟ್ರ, ನಾಳೆ ಮುಂಜಾನೆ ನಾ ಯಾವ ಕಾಲಮ್ಯಾಲ ಏಳ್ಲಿ? ಅದನ್ನ ಬಿಡ್ರಿ. ಆಗ್ತಿದ್ರ ಮಾಸ್ತರನ್ನ ಒಮ್ಮೆ ಇತ್ತ ಕಳಸ್ರಿ. ಒಂದ ಮಾತು ಕೇಳೂದೈತಿ.”

ನನ್ನ ಕೈಲಾದದ್ದು ಇದೊಂದೇ. ಕಳಿಸಿದೆ.

ಮಾಸ್ತರರು ಬಸ್ಸಿಳಿದರು. ಮನೆಯ ಬಾಗಿಲಲ್ಲಿ ಅಮೀನುದ್ದೀನನ ತಾಯಿ ದಾವಲಬಿ. “ಬರ್ರಿ ಮಾಸ್ತರ, ಬರ್ರಿ. ದಾರಿ ತಪ್ಪಿ ಬಂದ್ರೇನ? ಎಷ್ಟ ಸೊರಗೀರಿ!” ಎನ್ನುತ್ತ ಚಾಪೆ ಹಾಸಿ ಚಹಾಕ್ಕೆ ಇಟ್ಟಳು. ಅಮೀನುದ್ದೀನ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದ. ಗೋಡೆ ಹಿಡಿದು, ಕಾಲು ನೀಡಿ, ಎದುರಿಗೆ ಕುಳಿತ. ಮಾಸ್ತರರು ಆ ಕಾಲನ್ನು ಬಿಟ್ಟು ಬೇರೆಲ್ಲ ನೋಡಿದರು.

“ಸರ್, ನಾ ದಿನಾ ವಿಚಾರ ಮಾಡ್ತೇನ್ರಿ,” ಅಂದ ಅವನು. “ಬೂಟ ಚಲೋನ ಇದ್ವು. ನೀವ ನೋಡಿ ಪಾಸ್ ಮಾಡೀರಿ. ಅಂದಮ್ಯಾಲ ನಾನ ಕಾಲು ತಪ್ಪ ಇಟ್ಟಿರಬೇಕು. ಹೌದಿಲ್ರಿ?”

ಹೌದು ಎಂದರೆ ಮಾಸ್ತರರು ಕೊನೆಯ ಬಸ್ಸಿಗೆ ಹಗುರಾಗಿ ಹೋಗಬಹುದು. ಅಲ್ಲ ಎಂದರೆ, ಇಷ್ಟು ದಿನ ತನ್ನನ್ನೇ ಬೈದುಕೊಂಡವನಿಗೆ ಇನ್ನು ಯಾರನ್ನು ಬೈಯಬೇಕೆಂದು ತಿಳಿಯುತ್ತದೆ.

ದಾವಲಬಿ ಚಹಾದ ಬಸಿ ಮುಂದಿಟ್ಟಳು. “ಚಾ ಆರಾಕತ್ತೈತ್ರಿ.”

ಇಲ್ಲಿ ನಿಲ್ಲಿಸಿದರೆ ನೀವು ನನ್ನನ್ನು ಬೈಯುತ್ತೀರಿ, ಗೊತ್ತು. ಉತ್ತರ ನನಗೂ ಗೊತ್ತಿದೆ, ನಿಮಗೂ ಗೊತ್ತಿದೆ. ಒಂದು ಸಾಲಿನಲ್ಲಿ ಬರೆದು ಮುಗಿಸಬಹುದು. ಆದರೆ ಅಮೀನುದ್ದೀನ ಕೇಳಿದ್ದು ನಮ್ಮನ್ನಲ್ಲ.